ಗಗನಯಾನಿಗಿಂತ ಮೊದಲು ಲೇಸರ್ ವಿಜ್ಞಾನಿ

ರಾನಲ್ಡ್ ಮ್ಯಾಕ್‌ನೇರ್ ಎಂದೊಡನೆ ಎಲ್ಲರೂ ಹೇಳುವುದು ಗ್ರಂಥಾಲಯದ ಕಥೆ. 1959ರಲ್ಲಿ ದಕ್ಷಿಣ ಕೆರೊಲಿನಾದ ಲೇಕ್ ಸಿಟಿಯಲ್ಲಿ ಈ ಪುಟ್ಟ ಹುಡುಗ ಪುಸ್ತಕ ಕೇಳಿದ. ಕರಿಯರಿಗೆ ಕೊಡುವುದಿಲ್ಲ ಎಂದರು. ಹುಡುಗ ಕದಲಲಿಲ್ಲ. ಪೊಲೀಸರು ಬಂದರು, ಶಿಕ್ಷಕಿಯಾಗಿದ್ದ ತಾಯಿ ಪರ್ಲ್ ಬಂದರು, ಕೊನೆಗೆ ಪುಸ್ತಕವೂ ಕೈಗೆ ಬಂತು. ಆ ಕಟ್ಟಡಕ್ಕೆ ಈಗ ಅವನದೇ ಹೆಸರು.

ಕಥೆಯೇನೋ ಸೊಗಸು. ಆದರೆ ಅದನ್ನೇ ಹೇಳುತ್ತ ಹೋದರೆ ವಿಜ್ಞಾನಿ ಮರೆಯಾಗುತ್ತಾರೆ.

ಮೆಕ್ಯಾನಿಕ್ ಒಬ್ಬರ ಮಗ, ತಂಬಾಕಿನ ಹೊಲದಲ್ಲಿ ಕೂಲಿ ಮಾಡಿದವರು, 1971ರಲ್ಲಿ ಭೌತವಿಜ್ಞಾನದ ಪದವಿ ಪಡೆದು ಎಂಐಟಿ ಸೇರಿದರು. ಡಾಕ್ಟರೇಟಿನ ನಡುವೆ ಎರಡು ವರ್ಷದ ಪ್ರಯೋಗದ ದಾಖಲೆಗಳೆಲ್ಲ ಕಳೆದುಹೋದವು. ಮತ್ತೆ ಮೊದಲಿನಿಂದ ಶುರುಮಾಡಿ ವರ್ಷದೊಳಗೆ ಮುಗಿಸಿದರು. ಎರಡನೆಯ ಸಲದ ಫಲಿತಾಂಶವೇ ಮೇಲೆನಿಸಿತು. ಪೊಲೀಸರನ್ನು ಕಂಡೂ ಅಲುಗದ ಹುಡುಗನಿಗಿಂತ ಈ ಸಂಶೋಧಕನೇ ದೊಡ್ಡವನೆಂದು ತೋರುತ್ತದೆ. 1976ರಲ್ಲಿ ಪಿಎಚ್‌.ಡಿ. ಬಂತು. ರಾಸಾಯನಿಕ ಲೇಸರ್‌ಗಳ ಆರಂಭಕಾಲದ ಕೆಲಸದಲ್ಲಿ ಅವರ ಪಾಲಿದೆ. ಮುಂದೆ ಹ್ಯೂಸ್ ಸಂಶೋಧನಾಲಯದಲ್ಲಿ, ಲೇಸರ್ ಬೆಳಕಿನಿಂದ ಐಸೊಟೋಪುಗಳನ್ನು ಬೇರ್ಪಡಿಸುವ ವಿಧಾನದ ಮೇಲೆ ದುಡಿದರು. ಜೊತೆಗೆ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್, ಕೈಯಲ್ಲಿ ಸ್ಯಾಕ್ಸೊಫೋನ್!

1978ರಲ್ಲಿ ನಾಸಾ ಆರಿಸಿದ 35 ಗಗನಯಾನಿಗಳಲ್ಲಿ ಕರಿಯರು ಮೂವರು: ಬ್ಲೂಫೋರ್ಡ್, ಗ್ರೆಗರಿ, ಮ್ಯಾಕ್‌ನೇರ್. ಬ್ಲೂಫೋರ್ಡ್ 1983ರಲ್ಲಿ ಹಾರಿದರು. ಮರುವರ್ಷದ ಫೆಬ್ರುವರಿಯಲ್ಲಿ ಚಾಲೆಂಜರ್ ನೌಕೆ ಏರಿದ ಮ್ಯಾಕ್‌ನೇರ್ ಬಾಹ್ಯಾಕಾಶ ಕಂಡ ಎರಡನೆಯ ಆಫ್ರಿಕನ್-ಅಮೆರಿಕನ್. ಸಹಯಾತ್ರಿ ಮೆಕ್ಯಾಂಡ್ಲೆಸ್ ಹಗ್ಗದ ಹಂಗಿಲ್ಲದೆ ನೌಕೆಯಿಂದ ತೇಲಿಹೋದದ್ದು ಆ ಯಾನದಲ್ಲೇ. ನೌಕೆಯ ರೋಬೊ ತೋಳನ್ನು ನಡೆಸಿದವರು ಮ್ಯಾಕ್‌ನೇರ್. ಬಿಡುವಿನಲ್ಲಿ ಸ್ಯಾಕ್ಸೊಫೋನ್ ಊದಿದರು.

ಎರಡನೆಯ ಯಾನಕ್ಕೂ ವಾದ್ಯದ ಯೋಜನೆಯಿತ್ತು. ಫ್ರಾನ್ಸಿನ ಸಂಗೀತಗಾರ ಜಾನ್-ಮಿಷೆಲ್ ಜಾರ್ ಅವರ ಹೊಸ ಆಲ್ಬಮ್ಮಿಗಾಗಿ ಕಕ್ಷೆಯಲ್ಲೇ ನುಡಿಸಬೇಕಿತ್ತು.

ಆ ಯಾನ ಹೊರಡಬೇಕಿದ್ದ 1986ರ ಜನವರಿ 28ರ ಮುಂಜಾನೆ ಫ್ಲಾರಿಡಾದಲ್ಲಿ ಕೊರೆವ ಚಳಿ. ಬೂಸ್ಟರ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು ಹಿಂದಿನ ರಾತ್ರಿಯೇ ಹಾರಾಟ ಬೇಡವೆಂದಿದ್ದರು. ಅವರ ಮಾತು ನಡೆಯಲಿಲ್ಲ. ಬೂಸ್ಟರಿನಲ್ಲಿ ಚಳಿಗೆ ಸೆಟೆದ ರಬ್ಬರ್ ಉಂಗುರದ ಸಂದಿಯಿಂದ ಬಿಸಿ ಅನಿಲ ನುಗ್ಗಿತು. ಹಾರಿದ 73 ಸೆಕೆಂಡಿಗೆ ಚಾಲೆಂಜರ್ ಚೂರಾಯಿತು. ಏಳೂ ಮಂದಿ ಸತ್ತರು. ಮ್ಯಾಕ್‌ನೇರ್‌ಗೆ ಆಗ 35.

ಜಾರ್ ಆಲ್ಬಮ್ಮಿನ ಕೊನೆಯ ಕೃತಿಗೆ ಅವರ ಹೆಸರಿಟ್ಟರು. ಅಮೆರಿಕದ ಸರಕಾರ ಅವರ ಹೆಸರಿನಲ್ಲೊಂದು ಶಿಕ್ಷಣ ಯೋಜನೆ ತೆರೆಯಿತು. ಬಡ ಮನೆಗಳಿಂದ ಬಂದು ಕುಟುಂಬದಲ್ಲಿ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದವರನ್ನು ಅದು ಇಂದಿಗೂ ಪಿಎಚ್‌.ಡಿ.ಗೆ ಸಜ್ಜುಗೊಳಿಸುತ್ತಿದೆ.