ವೇಗದೋಣಿಯ ತಳದಲ್ಲಿ ಆಳಮಾಪಕ: ಅಳವಡಿಕೆ ಮತ್ತು ಪರಿಶೀಲನೆ

(ಕರಾವಳಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುತ್ತವೆ. ಇಂತಹ ಅಳಿವೆಗಳ ತಳ ಸ್ಥಿರವಲ್ಲ. ಮಳೆಗಾಲದ ಪ್ರವಾಹ ತರುವ ಹೂಳು, ಅಲೆಗಳು ದೂಡುವ ಮರಳು ಸೇರಿ ದಿಬ್ಬಗಳು ಏಳುತ್ತವೆ, ಸರಿಯುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವಾಗ, ಕಳೆದ ವರ್ಷದ ದಾರಿ ಈ ವರ್ಷವೂ ತೆರೆದಿರುತ್ತದೆಂಬ ಭರವಸೆಯಿಲ್ಲ.

ನಿಧಾನವಾಗಿ ಸಾಗುವ ನಾಡದೋಣಿಗೆ ಬಿದಿರ ಗಳವೇ ಆಳಮಾಪಕ. ಆದರೆ 25 ನಾಟ್ ವೇಗದ ರಕ್ಷಣಾ ದೋಣಿಯು ಸೆಕೆಂಡಿಗೆ ಸುಮಾರು 13 ಮೀಟರ್ ಸಾಗುತ್ತದೆ. ಅಲ್ಲಿ ಗಳ ನಿರುಪಯುಕ್ತ. ಮುಳುಗುತ್ತಿರುವವರನ್ನು ಉಳಿಸಲು ಹೊರಟ ದೋಣಿಯೇ ದಿಬ್ಬಕ್ಕೆ ಬಡಿದರೆ, ಒಳಗಿದ್ದವರ ಜೀವಕ್ಕೂ ಕುತ್ತು. ಆದುದರಿಂದಲೇ ಶಬ್ದದಿಂದ ಆಳವನ್ನು ಅಳೆಯುವ ಉಪಕರಣದ ಅಗತ್ಯ.

ಇದರ ತತ್ತ್ವ ಸರಳ. ದೋಣಿಯ ತಳದಲ್ಲಿರುವ ಸಂವೇದಕವು ಕೆಳಮುಖವಾಗಿ ಶಬ್ದದ ಮಿಡಿತವನ್ನು ಕಳುಹಿಸಿ ಪ್ರತಿಧ್ವನಿಗಾಗಿ ಕಾಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಆಳ 10 ಮೀಟರ್ ಇದ್ದರೆ ಹೋಗಿಬರುವ ದೂರ 20 ಮೀಟರ್; ಸೆಕೆಂಡಿನ 75ನೇ ಒಂದು ಭಾಗದಲ್ಲಿ ಉತ್ತರ ದೊರೆಯುತ್ತದೆ. ಆಳವಿಲ್ಲದ ನೀರಿಗೆ ಸಾಮಾನ್ಯವಾಗಿ 200 ಕಿಲೋಹರ್ಟ್ಸ್, ಆಳ ಸಮುದ್ರಕ್ಕೆ 50 ಕಿಲೋಹರ್ಟ್ಸ್ ಆವರ್ತನವನ್ನು ಬಳಸುತ್ತಾರೆ.

ಶಬ್ದಕ್ಕೆ ಗುಳ್ಳೆಗಳೇ ಶತ್ರು. ವೇಗದೋಣಿಯ ಹಿಂಬದಿಯ ಹಲಗೆಗೆ ತೂಗುಹಾಕಿದ ಸಂವೇದಕವು ಕದಡಿದ ನೀರಿನಲ್ಲಿ ಸಿಲುಕಿ ತಪ್ಪು ಅಂಕಿ ತೋರಿಸಬಹುದು. ತಳವನ್ನೇ ಕೊರೆದು ಕೂರಿಸಿದ ಸಂವೇದಕವು ಸರಿಯಾದ ಜಾಗದಲ್ಲಿದ್ದರೆ ನಿರ್ಮಲವಾದ ನೀರನ್ನು ಮುಟ್ಟಿಕೊಂಡಿರುತ್ತದೆ. ಆದರೆ ಈ ಅನುಕೂಲದ ಬೆಲೆ, ನೀರಿನ ಮಟ್ಟದ ಕೆಳಗೆ ಒಂದು ರಂಧ್ರ. ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗಿರುವ 50 ಮಿಲಿಮೀಟರ್ ವ್ಯಾಸದ ರಂಧ್ರವು ತೆರೆದುಕೊಂಡರೆ ನಿಮಿಷಕ್ಕೆ 150 ಲೀಟರಿಗಿಂತ ಹೆಚ್ಚು, ಅಂದರೆ ಹತ್ತು ಕೊಡಗಳಿಗೂ ಮಿಗಿಲಾದ ನೀರು ಒಳನುಗ್ಗುತ್ತದೆ. ದೋಣಿಯನ್ನು ಕಾಯಬೇಕಾದ ಉಪಕರಣವೇ ದೋಣಿಯನ್ನು ಮುಳುಗಿಸಬಾರದು. ಆದುದರಿಂದ ಕಾಮಗಾರಿಯನ್ನು ಪರಿಶೀಲಿಸುವವರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಒಂದು, ಸ್ಥಳ. ವೇಗದಲ್ಲಿ ದೋಣಿಯ ಮುಂಭಾಗ ನೀರಿನಿಂದ ಮೇಲೇಳುತ್ತದೆ. ಆದ್ದರಿಂದ ಸಂವೇದಕವು ಹಿಂಬದಿಯ ಮೂರನೇ ಒಂದು ಭಾಗದಲ್ಲಿ, ತಳದ ನಡುಗೆರೆಗೆ ಸಮೀಪವಾಗಿ, ಪ್ರೊಪೆಲ್ಲರಿಗಿಂತ ಮುಂದೆ ಇರಬೇಕು. ತಳದ ಉಬ್ಬುಪಟ್ಟಿಗಳ ಅಥವಾ ನೀರೆಳೆಯುವ ರಂಧ್ರಗಳ ಹಿಂದೆ ಸಲ್ಲದು.

ಎರಡು, ಓರೆ. ಈ ದೋಣಿಗಳ ತಳ ಇಂಗ್ಲಿಷಿನ ‘ವಿ’ ಅಕ್ಷರದಂತೆ ಇಳಿಜಾರಾಗಿರುತ್ತದೆ. ಶಬ್ದ ನೇರವಾಗಿ ಕೆಳಗಿಳಿಯಲು ಓರೆಗೆ ತಕ್ಕ ಆಸರೆ ತುಂಡನ್ನು, ಇಲ್ಲವೇ ಒಳಗೇ ಓರೆಯಾಗಿಸಿದ ಸಂವೇದಕವನ್ನು ಬಳಸಬೇಕು.

ಮೂರು, ಲೋಹ. ಅಲ್ಯುಮಿನಿಯಂ ದೋಣಿಗೆ ಕಂಚಿನ ಕವಚ ಸಲ್ಲದು. ಉಪ್ಪುನೀರಿನಲ್ಲಿ ಎರಡು ಲೋಹಗಳು ಕೂಡಿದಾಗ ಅಲ್ಯುಮಿನಿಯಂ ಸವೆಯುತ್ತದೆ. ಮರದ ದೋಣಿಗೆ ಪ್ಲಾಸ್ಟಿಕ್ ಕವಚವೂ ಸಲ್ಲದು. ನೀರು ಕುಡಿದು ಉಬ್ಬುವ ಮರ ಅದನ್ನು ಸೀಳಬಹುದು. ಮರಕ್ಕೂ ಫೈಬರಿಗೂ ಕಂಚು ಸೂಕ್ತ.

ನಾಲ್ಕು, ಬಂದೋಬಸ್ತು. ಫೈಬರ್ ಪದರಗಳ ನಡುವೆ ಮರ ಅಥವಾ ನೊರೆಯ ತಿರುಳಿದ್ದರೆ, ರಂಧ್ರದ ಸುತ್ತಲಿನ ತಿರುಳನ್ನು ತೆಗೆದು ಎಪಾಕ್ಸಿಯಿಂದ ಮುಚ್ಚಬೇಕು. ಇಲ್ಲವಾದರೆ ನೀರು ಒಳಸೇರಿ ತಳವೇ ಕೊಳೆಯುತ್ತದೆ. ನೀರಿನಡಿಯ ಬಳಕೆಗೆಂದೇ ತಯಾರಾದ ಅಂಟನ್ನು ಮಾತ್ರ ಉಪಯೋಗಿಸಬೇಕು. ಕೇಬಲನ್ನು ಕತ್ತರಿಸದೆ, ಇಂಜಿನ್ ಹಾಗೂ ರೇಡಿಯೊ ತಂತಿಗಳಿಂದ ದೂರವಾಗಿ ಸಾಗಿಸಬೇಕು.

ದೋಣಿಯನ್ನು ನೀರಿಗಿಳಿಸಿದೊಡನೆ ಒಳಗಿನಿಂದ ರಂಧ್ರದ ಸುತ್ತ ಕೈಯಾಡಿಸಿ ನೋಡಬೇಕು. ಸಣ್ಣ ಸೋರಿಕೆ ಕೂಡಲೇ ಕಾಣಿಸದು. ಮೂರು ಗಂಟೆಯೊಳಗೆ ಮತ್ತೆ ನೋಡದೆ ದೋಣಿಯನ್ನು ಬಿಟ್ಟುಹೋಗಬಾರದು. ಬಳಿಕ, ನಿಂತ ನೀರಿನಲ್ಲಿ ಗುರುತು ಹಾಕಿದ ಗಳದಿಂದ ಆಳವನ್ನು ಅಳೆದು ಉಪಕರಣದ ಅಂಕಿಯೊಂದಿಗೆ ತಾಳೆ ನೋಡಬೇಕು. ಅಂಕಿಯು ಸಂವೇದಕದಿಂದ ಕೆಳಗಿನ ಆಳವೋ, ಪ್ರೊಪೆಲ್ಲರಿನಿಂದ ಕೆಳಗಿನದೋ ಎಂಬುದನ್ನು ಚಾಲಕನ ಮುಂದೆ ಬರೆದು ಅಂಟಿಸಬೇಕು. ಅರ್ಧ ಮೀಟರಿನ ತಪ್ಪು ತಿಳಿವಳಿಕೆಯೂ ಅಳಿವೆಯಲ್ಲಿ ಅಪಘಾತಕ್ಕೆ ಸಾಕು. ಕೊನೆಯದಾಗಿ, ಪೂರ್ಣ ವೇಗದಲ್ಲಿ ಓಡಿಸಿ ಅಂಕಿ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಕಾಮಗಾರಿಯನ್ನು ಒಪ್ಪಿಕೊಳ್ಳಬೇಕು.

ಈ ಉಪಕರಣಕ್ಕೊಂದು ಮಿತಿಯಿದೆ. ಅದು ದೋಣಿಯ ಕೆಳಗಿನ ಆಳವನ್ನು ಹೇಳುತ್ತದೆ, ಮುಂದಿನ ದಿಬ್ಬವನ್ನಲ್ಲ. ಆದುದರಿಂದ ಅಳಿವೆಯಲ್ಲಿ ವೇಗ ತಗ್ಗಿಸುವುದು, ಭರತ-ಇಳಿತದ ಸಮಯ ತಿಳಿದಿರುವುದು, ಅನುಭವಿ ಮೀನುಗಾರರ ಮಾತನ್ನು ಕೇಳುವುದು ಎಂದಿನಂತೆ ಅವಶ್ಯ. ಬೆಲೆಪಟ್ಟಿಗೆ ಸಹಿ ಹಾಕುವ ಮುನ್ನ ಸದಸ್ಯರೊಬ್ಬರು ದೋಣಿಯೊಳಗೆ ಇಳಿದು, ಆ ರಂಧ್ರದ ಸುತ್ತ ಬೆರಳಾಡಿಸಿ, ಒಣಗಿದೆಯೆಂದು ಖಚಿತಪಡಿಸಿಕೊಂಡರೆ, ಅದು ಹಲವರ ಜೀವಕ್ಕೆ ಕಾವಲು.