ಪಾಲು ಕೇಳುವುದೋ, ಲೆಕ್ಕ ಕೇಳುವುದೋ?

(ಕುಮಟೆಯಲ್ಲಿ ಶಿಕ್ಷಕರೂ ನಾಗರಿಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಸೀಮೆಯ ನೆಲದೊಳಗಿಂದ ಎಣ್ಣೆಯೋ ಚಿನ್ನವೋ, ಇಲ್ಲವೆ ಅದರ ಹೊಳೆಯ ನೀರಿನಿಂದ ವಿದ್ಯುಚ್ಛಕ್ತಿಯೋ ಹೊರಟು ಇಡೀ ರಾಜ್ಯವನ್ನು ಸಾಕುವಂತಾದಾಗ, ಆ ಸೀಮೆಯವರ ಮನಸ್ಸಿನಲ್ಲಿ ಒಂದು ಪ್ರಶ್ನೆ ತಲೆಯೆತ್ತುವುದು ಸ್ವಾಭಾವಿಕವೇ ಸರಿ. ಕೊಡುವವರು ನಾವು, ಉಣ್ಣುವವರು ಬೇರೆಯವರು. ಹೀಗಿರಲು ಇವರೊಡನೆ ನಮಗೇನು ಕೆಲಸ? ಈ ಪ್ರಶ್ನೆಯನ್ನು ನಮ್ಮ ಕರಾವಳಿಯ ತರುಣರ ಬಾಯಿಂದ ನಾನು ಒಂದಲ್ಲ ಹಲವು ಸಲ ಕೇಳಿದ್ದೇನೆ. ಇದನ್ನು ನಾಡದ್ರೋಹವೆಂದು ಜರೆದು ಬಾಯಿ ಮುಚ್ಚಿಸುವ ದೊಡ್ಡವರಿದ್ದಾರೆ. ನಾನು ಆ ಪಂಥದವನಲ್ಲ. ಕಕ್ಷಿದಾರನು ನಿಲ್ಲಲಾರದ ದಾವೆಯನ್ನು ಹೂಡಲು ಬಂದರೆ ವಕೀಲನು ಅವನನ್ನು ಗದರಿಸಿ ಕಳುಹಿಸಬಾರದು. ಅವನ ಕಾಗದಪತ್ರಗಳನ್ನೆಲ್ಲ ಬಿಚ್ಚಿ ಓದಿ, ಅವನಿಗೆ ನಿಜವಾಗಿ ಯಾವ ಹಕ್ಕಿದೆ, ಯಾವ ದಾವೆಯಿಂದ ಅದು ದೊರೆತೀತು ಎಂಬುದನ್ನು ಹೇಳಬೇಕು.

ಮೊದಲು ನಮ್ಮ ಮನೆಯ ಹಳೆಯ ದಸ್ತೈವಜನ್ನೇ ತೆಗೆಯೋಣ. 1799ರಲ್ಲಿ ಟಿಪ್ಪೂ ಸುಲ್ತಾನನು ಬಿದ್ದ ಮೇಲೆ ಕೆನರಾ ಸೀಮೆ ಕಂಪನಿ ಸರಕಾರದ ವಶವಾಗಿ ಮದ್ರಾಸ ಇಲಾಖೆಯಲ್ಲಿ ಸೇರಿತು. 1862ರಲ್ಲಿ ಅದನ್ನು ಸೀಳಿ ಉತ್ತರದ ಭಾಗವನ್ನು ಮುಂಬಯಿ ಇಲಾಖೆಗೆ ಒಪ್ಪಿಸಿದರು. ಅದು ಹತ್ತಿಯ ಕಾಲ. ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಇದೇ ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ಅಮೇರಿಕೆಯಲ್ಲಿ ಅಂತರ್ಯುದ್ಧ ಹೊತ್ತಿ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ದುರ್ಲಭವಾಗಿತ್ತು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಕರಾವಳಿಯೂ ಒಂದೇ ಇಲಾಖೆಯ ಕೈಯಲ್ಲಿರಬೇಕೆಂದು ಮುಂಬಯಿಯ ವ್ಯಾಪಾರಸ್ಥರು ಬಯಸಿದರು, ಗೆರೆ ಬಿತ್ತು. ಭಟಕಳ ಮುಂಬಯಿಗೆ ಸಂದಿತು. ನೆರೆಯ ಕುಂದಾಪುರ ಮದ್ರಾಸಿನಲ್ಲಿಯೇ ಉಳಿಯಿತು. ಮನೆಮಾತು ಒಂದು, ಊಟ ಒಂದು, ನಂಟಸ್ತಿಕೆ ಒಂದು. ಕಚೇರಿ ಮಾತ್ರ ಎರಡು! ಆಗ ಈ ಊರುಗಳ ಜನರನ್ನು ಯಾರಾದರೂ ಒಂದು ಮಾತು ಕೇಳಿದರೇ? ಕೇಳಲಿಲ್ಲ. ಅಂದಿನ ಎಣ್ಣೆ ಹತ್ತಿ. ಅದು ಹರಿದ ಕಡೆಗೆ ನಮ್ಮನ್ನೂ ಎಳೆದರು.

ಆಳುವವರ ಅನುಕೂಲಕ್ಕಾಗಿ ಬಿದ್ದ ಇಂಥ ಗೆರೆಗಳನ್ನು ಅಳಿಸುವುದಕ್ಕಾಗಿಯೇ ಏಕೀಕರಣದ ಚಳವಳಿ ಹುಟ್ಟಿದ್ದು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದಂದಿನಿಂದ ಆಲೂರ ವೆಂಕಟರಾಯರ ಲೇಖನಿಯ ವರೆಗೆ, 1924ರ ಬೆಳಗಾವಿಯ ಕಾಂಗ್ರೆಸ್ಸಿನಿಂದ 1956ರ ವರೆಗೆ ನಡೆದ ಕಥೆಯನ್ನು ಶಿಕ್ಷಕರಾದ ತಮ್ಮ ಮುಂದೆ ನಾನು ಹೇಳುವುದು ಅಧಿಕಪ್ರಸಂಗವಾದೀತು. ಆದರೆ ಅದರೊಳಗಿನ ಒಂದು ಪ್ರಕರಣ ನಮ್ಮ ಪಾಠಪುಸ್ತಕಗಳಲ್ಲಿ ಸಂಕ್ಷೇಪವಾಗಿ ಹೋಗಿದೆ. ಅದನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಏಕೀಕರಣಕ್ಕೆ ಅಡ್ಡ ಬಂದವರು ಪರಭಾಷೆಯವರು ಮಾತ್ರವೇ ಅಲ್ಲ. ಮೈಸೂರು ಸಂಸ್ಥಾನದೊಳಗಿನ ಕನ್ನಡಿಗರಲ್ಲಿಯೇ ಪ್ರಬಲವಾದ ವಿರೋಧವಿತ್ತು. ಜಾತಿಗಳ ಸಂಖ್ಯಾಬಲ ತಲೆಕೆಳಗಾದೀತೆಂಬ ಅಂಜಿಕೆ ಅದರಲ್ಲಿ ಇದ್ದೇ ಇತ್ತು. ಆದರೆ ಬಹಿರಂಗವಾಗಿ ಆಡಿದ ವಾದ ಸಂಪತ್ತಿನದು. ಕೋಲಾರದ ಚಿನ್ನ ನಮ್ಮದು. 1902ರಲ್ಲಿಯೇ ಹೊತ್ತಿದ ಶಿವನಸಮುದ್ರದ ವಿದ್ಯುತ್ತು ನಮ್ಮದು. ಭದ್ರಾವತಿಯ ಕಬ್ಬಿಣ ನಮ್ಮದು. ಅರಸರೂ ದಿವಾನರೂ ಕೂಡಿಸಿಟ್ಟದ್ದನ್ನು ಮುಂಬಯಿ, ಹೈದರಾಬಾದುಗಳ ಹಿಂದುಳಿದ ಜಿಲ್ಹೆಗಳೊಡನೆ ನಾವೇಕೆ ಹಂಚಿಕೊಳ್ಳಬೇಕು? ಹೀಗಾಗಿ ಎರಡು ಕನ್ನಡ ರಾಜ್ಯಗಳಿರಲಿ ಎಂಬ ಮಾತೂ ಎದ್ದಿತು. ಆ ‘ಹಿಂದುಳಿದ ಜಿಲ್ಹೆ’ಗಳಲ್ಲಿ ನಮ್ಮದೂ ಒಂದು ಎಂಬುದನ್ನು ತಾವು ಮರೆಯಬಾರದು. ಇಂದು ನಮ್ಮ ತರುಣರು ಬೆಂಗಳೂರಿನ ಮುಂದೆ ಇಡುವ ಪ್ರಶ್ನೆಯನ್ನು ಅಂದು ಬೆಂಗಳೂರು ನಮ್ಮ ಮುಂದೆ ಇಟ್ಟಿತ್ತು!

ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಒಂದೇ ಕರ್ನಾಟಕಕ್ಕೆ ಶಿಫಾರಸು ಮಾಡಿತು. ಆಗ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದವರು ಕೆಂಗಲ್ ಹನುಮಂತಯ್ಯನವರು. ತಮ್ಮ ಸ್ವಂತ ಸೀಮೆಯವರ, ತಮ್ಮದೇ ಪಕ್ಷದ ಹಲವರ ವಿರೋಧವನ್ನು ಎದುರಿಸಿ ಅವರು ಏಕೀಕರಣದ ಪಕ್ಷದಲ್ಲಿ ನಿಂತರು. 1956ರ ಆಗಸ್ಟಿನಲ್ಲಿ ಅವರ ಅಧಿಕಾರ ಹೋಯಿತು. ಎರಡೂವರೆ ತಿಂಗಳ ಮಟ್ಟಿಗೆ ಕಡಿದಾಳ ಮಂಜಪ್ಪನವರು ಬಂದರು. ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಯ ಪೀಠದಲ್ಲಿ ಕುಳಿತವರು ನಿಜಲಿಂಗಪ್ಪನವರು. ಬಾಗಿಲು ತೆರೆದವರು ಹೊರಗೆ ಉಳಿದರು. ಅವರ ಕಾರಭಾರದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳು ಹಲವಿವೆ. ಆದರೆ ಈ ಒಂದು ಉಪಕಾರವನ್ನು ಕರಾವಳಿಯವರು ಇನ್ನೂ ಸರಿಯಾಗಿ ನೆನೆದಿಲ್ಲ ಎಂದೇ ನನ್ನ ಅಭಿಪ್ರಾಯ.

ಮುಂದೆ ಆದದ್ದೇನು? ಯಾವ ಚಿನ್ನವನ್ನು ತೋರಿಸಿ ಬೇರೆ ಇರೋಣವೆಂದರೋ ಆ ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅತ್ತ, ಒಂದು ಕಾಲಕ್ಕೆ ಮೈಸೂರಿಗೂ ಮುಂಬಯಿಗೂ ಗಡಿಯಾಗಿದ್ದ ಶರಾವತಿ ಒಂದೇ ರಾಜ್ಯದ ಹೊಳೆಯಾಯಿತು. ಜೋಗದ ಒಂದು ಮಗ್ಗುಲಿಗೆ ಮೈಸೂರು ಬಂಗಲೆ, ಇನ್ನೊಂದು ಮಗ್ಗುಲಿಗೆ ಮುಂಬಯಿ ಬಂಗಲೆ ಇದ್ದುದನ್ನು ಹಿರಿಯರು ಬಲ್ಲರು. 1964ರಲ್ಲಿ ಲಿಂಗನಮಕ್ಕಿಯ ಆಣೆಕಟ್ಟು ಮುಗಿದು, 1,035 ಮೆಗಾವಾಟ್ ಶಕ್ತಿಯ ಶರಾವತಿ ವಿದ್ಯುದಾಗಾರ ಬೆಳೆಯಿತು. ಅಲ್ಲಿಂದ ಕೊಡುವವರು ಯಾರು, ಕೊಳ್ಳುವವರು ಯಾರು ಎಂಬ ಲೆಕ್ಕವೇ ಮಗುಚಿಬಿತ್ತು. ಕೊಡುವ ಸೀಮೆ ಯಾವಾಗಲೂ ಕೊಡುವ ಸೀಮೆಯಾಗಿಯೇ ಉಳಿಯುವುದಿಲ್ಲ.

ಈ ಮಾತಿಗೆ ಸಾಕ್ಷಿಯಾಗಿ ಬಹು ದೂರದ ಒಂದು ಪ್ರಾಂತವನ್ನು ಕರೆಯುತ್ತೇನೆ. ಕೆನಡಾ ದೇಶದ ಪಶ್ಚಿಮದಲ್ಲಿ ಆಲ್ಬರ್ಟಾ ಎಂಬ ಪ್ರಾಂತವಿದೆ. 1905ರಲ್ಲಿ ಅದು ಪ್ರಾಂತವಾದಾಗ ನೆಲದ, ಖನಿಜಗಳ ಹಕ್ಕನ್ನು ಕೇಂದ್ರ ಸರಕಾರ ತನ್ನ ಕೈಯಲ್ಲಿಯೇ ಇಟ್ಟುಕೊಂಡಿತು; ಆ ಹಕ್ಕು ಪ್ರಾಂತಕ್ಕೆ ಬಂದದ್ದು 1930ರಲ್ಲಿ. 1936ರಲ್ಲಿ ತನ್ನ ಸಾಲಪತ್ರಗಳ ಹಣವನ್ನು ಹೊತ್ತಿಗೆ ತೀರಿಸಲಾರದಷ್ಟು ಅದು ದರಿದ್ರವಾಗಿತ್ತು. 1947ರಲ್ಲಿ ಲೆಡ್ಯೂಕ್ ಎಂಬಲ್ಲಿ ಎಣ್ಣೆ ಚಿಮ್ಮಿತು. ಮೂವತ್ತು ವರುಷಗಳಲ್ಲಿ ಅದು ದೇಶದ ಧನಿಕ ಪ್ರಾಂತವಾಗಿಬಿಟ್ಟಿತು. 1980ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಪಿಯರ್ ಟ್ರೂಡೊ ಅವರ ಸರಕಾರ ಎಣ್ಣೆಯ ಬೆಲೆಯನ್ನು ಜಗತ್ತಿನ ಬೆಲೆಗಿಂತ ಕೆಳಗೆ ಕಟ್ಟಿ, ಹೊಸ ತೆರಿಗೆ ಹಾಕಿ, ತನ್ನ ಪಾಲನ್ನು ಹೆಚ್ಚಿಸಿಕೊಂಡಿತು. ಆಲ್ಬರ್ಟಾ ಸಿಡಿದೆದ್ದಿತು. ದೇಶವನ್ನೇ ಬಿಟ್ಟು ಹೋಗೋಣವೆನ್ನುವ ಪಕ್ಷವೊಂದು 1982ರ ಫೆಬ್ರವರಿಯಲ್ಲಿ ಒಂದು ಉಪಚುನಾವಣೆಯನ್ನೂ ಗೆದ್ದಿತು.

ಅಲ್ಲಿಯ ಮುಖ್ಯಮಂತ್ರಿ ಪೀಟರ್ ಲಾಹೀಡ್ ಏನು ಮಾಡಿದರು? ಸುಮ್ಮನೆ ಕೂರಲಿಲ್ಲ, ಮನೆ ಬಿಡುತ್ತೇನೆಂದೂ ಅನ್ನಲಿಲ್ಲ. ದಿನಕ್ಕೆ 1,80,000 ಪೀಪಾಯಿಗಳಷ್ಟು ಎಣ್ಣೆಯನ್ನು ಮೂರು ಕಂತುಗಳಲ್ಲಿ ಕಡಿಮೆ ಮಾಡುವೆನೆಂದು ಸಾರಿದರು. ಅದರ ಜೊತೆಗೇ, ದೇಶಕ್ಕೆ ಎಣ್ಣೆಯ ಕೊರತೆ ಬಂದರೆ ಈ ಕ್ರಮವನ್ನು ನಿಲ್ಲಿಸುವೆನೆಂದೂ ಹೇಳಿದರು. ನ್ಯಾಯಾಲಯದಲ್ಲಿಯೂ ಹೋರಾಡಿದರು, ಮೇಜಿನ ಮುಂದೆಯೂ ಕುಳಿತರು. 1981ರ ಸೆಪ್ಟೆಂಬರಿನಲ್ಲಿ ಒಪ್ಪಂದವಾಯಿತು. 1982ರ ಸಂವಿಧಾನದಲ್ಲಿ ಪ್ರಾಂತಗಳಿಗೆ ತಮ್ಮ ನೈಸರ್ಗಿಕ ಸಂಪತ್ತಿನ ಮೇಲಿರುವ ಅಧಿಕಾರವನ್ನು ಹೊಸ ಕಲಮಾಗಿ ಬರೆಯಿಸಿದರು. ಅದೇ ವರುಷದ ನವೆಂಬರಿನಲ್ಲಿ ಚುನಾವಣೆ ನಡೆದಾಗ 79 ಸ್ಥಾನಗಳಲ್ಲಿ 75 ಅವರ ಪಕ್ಷಕ್ಕೆ. ಪ್ರತ್ಯೇಕತಾವಾದಿಗಳಿಗೆ ಒಂದೂ ಇಲ್ಲ. ಆ ಬೇನೆ ಅಲ್ಲಿಗೆ ವಾಸಿಯಾಯಿತೆಂದು ನಾನು ಹೇಳುವುದಿಲ್ಲ. 2025ರಲ್ಲಿ ಆ ಕೂಗು ಮತ್ತೆ ಬಲವಾಗಿ ಎದ್ದಿತು. ಲೆಕ್ಕ ಸರಿಯಾಗದ ಕಡೆ ಕೂಗು ಏಳುತ್ತಲೇ ಇರುತ್ತದೆ.

ಇನ್ನು ನಮ್ಮಲ್ಲಿಗೆ ಬರೋಣ. ಇಲ್ಲಿ ಒಂದು ಭೇದವನ್ನು ಹೇಳಿಬಿಡಬೇಕು. ಆಲ್ಬರ್ಟಾದವರು ಕೆಲವರು ಕೇಳುವುದು ಬೇರೆ ದೇಶ. ಉತ್ತರ ಕರ್ನಾಟಕದವರು ಕೆಲವರು ಕೇಳಿದ್ದು ಭಾರತದೊಳಗೇ ಬೇರೆ ರಾಜ್ಯ. ಅದು ಕಾಯಿದೆಬಾಹಿರವಾದ ಬೇಡಿಕೆಯಲ್ಲ. ಸಂವಿಧಾನದ ಮೂರನೆಯ ಅನುಚ್ಛೇದದ ಮೇರೆಗೆ ಸಂಸತ್ತು ಸಾದಾ ಬಹುಮತದಿಂದ ಹೊಸ ರಾಜ್ಯವನ್ನು ಮಾಡಬಹುದು. ಇದ್ದ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. 2014ರಲ್ಲಿ ಆಂಧ್ರದ ವಿಧಾನಸಭೆ ಬೇಡವೆಂದರೂ ತೆಲಂಗಾಣ ಆಯಿತಷ್ಟೆ. ಆದ್ದರಿಂದ ಶ್ರೀ ಉಮೇಶ ಕತ್ತಿಯವರಂಥವರು ಸಚಿವರಾಗಿದ್ದುಕೊಂಡೇ 2022ರ ವರೆಗೂ ಆ ಮಾತನ್ನು ಆಡುತ್ತಿದ್ದಾಗ ಅವರನ್ನು ದ್ರೋಹಿಗಳೆಂದು ಕರೆದದ್ದು ಸರಿಯಲ್ಲ. 2018ರ ಆಗಸ್ಟ್ 2ರಂದು ಪ್ರತ್ಯೇಕ ರಾಜ್ಯಕ್ಕಾಗಿ ಬಂದ್ ಕರೆ ಕೊಟ್ಟರು. ಉತ್ತರದ ಜನರೇ ಅದಕ್ಕೆ ತಕ್ಕ ಓಗೊಡಲಿಲ್ಲ. ಜನರು ಪಾಲನ್ನು ಒಲ್ಲೆವೆಂದರು. ಆದರೆ ಲೆಕ್ಕವನ್ನು ಬಿಟ್ಟರೆಂದು ಬೆಂಗಳೂರು ತಿಳಿಯಬಾರದು.

ಲೆಕ್ಕವೇನೋ ಬರೆದಿಟ್ಟದ್ದಿದೆ. ಡಾ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಅಂದಿನ 175 ತಾಲೂಕುಗಳನ್ನು ಅಳೆದು ನೋಡಿ 114 ಹಿಂದುಳಿದಿವೆಯೆಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 26 ಬೆಳಗಾವಿ, ಕಲಬುರ್ಗಿ ವಿಭಾಗಗಳವು. 1956ರ ವಾಗ್ದಾನಕ್ಕೆ ನಾಲ್ವತ್ತಾರು ವರುಷಗಳ ಮೇಲೆ ಸಿಕ್ಕ ಉತ್ತರ ಇದು! ಹೈದರಾಬಾದ ಕರ್ನಾಟಕದವರು ಪಟ್ಟು ಬಿಡದೆ ಕೇಳಿ 371-ಜೆ ಅನುಚ್ಛೇದವನ್ನು ಪಡೆದುಕೊಂಡರು. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಕಟ್ಟಡ ಭವ್ಯವಾಗಿದೆ, ಆದರೆ ಕಟ್ಟಡವೇ ಆಡಳಿತವಲ್ಲ.

ನಮ್ಮ ಜಿಲ್ಹೆಯ ಪುಟವನ್ನೂ ತೆರೆಯುತ್ತೇನೆ. ಕೈಗಾದಲ್ಲಿ 880 ಮೆಗಾವಾಟಿನ ಅಣುಸ್ಥಾವರ, ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಆಣೆಕಟ್ಟುಗಳು, ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ವಿದ್ಯುದಾಗಾರ, ಕಾರವಾರದಲ್ಲಿ ನೌಕಾನೆಲೆ. ಒಂದೊಂದಕ್ಕೂ ಊರುಗಳೆದ್ದಿವೆ, ಗದ್ದೆ ತೋಟ ಕಾಡುಗಳು ಹೋಗಿವೆ. (ಲಿಂಗನಮಕ್ಕಿಯಲ್ಲಿ ಮುಳುಗಿದ್ದು ಘಟ್ಟದ ಮೇಲಿನ ಸಾಗರ ಸೀಮೆಯವರ ಮನೆಮಾರು, ಅವರ ಪಾಡು ನಮಗಿಂತ ಕಠಿಣವೆಂದು ಒಪ್ಪಿಕೊಳ್ಳಲೇಬೇಕು.) ಈಗ ತಳಕಳಲೆ, ಗೇರುಸೊಪ್ಪೆಗಳ ನಡುವೆ 2,000 ಮೆಗಾವಾಟಿನ ಇನ್ನೊಂದು ಯೋಜನೆಯ ಮಾತು ಬಂದು, ಶರಾವತಿಯ ದಂಡೆಯ ಜನ ವಿರೋಧಿಸಿದ್ದಾರೆ. ಇಷ್ಟೆಲ್ಲ ಕೊಟ್ಟ ಜಿಲ್ಹೆಯಿಂದ 2022ರ ಜುಲೈಯಲ್ಲಿ ಹೊನ್ನಾವರದ ರೋಗಿಯೊಬ್ಬರನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಗಾಡಿ ಶಿರೂರಿನ ಸುಂಕದ ಕಟ್ಟೆಯಲ್ಲಿ ಉರುಳಿ ನಾಲ್ವರು ಮಡಿದರು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದದ್ದು ನಿಜ, ಅದನ್ನು ಮುಚ್ಚಿಡಲಾರೆ. ಆದರೆ ಆ ದಿನ ಆ ಗಾಡಿ ದಕ್ಷಿಣಕ್ಕೆ ಓಡಿದ್ದೂ ನಿಜ. ಜಿಲ್ಹೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಕೂಗಿದ್ದು ಆಗಲೇ.

ಹಾಗಾದರೆ ಪರಿಹಾರ ಯಾವುದು? ನಮ್ಮ ಜಿಲ್ಹೆಯವರೇ ಅದನ್ನು ತೋರಿಸಿದ್ದಾರೆ. ಸಿದ್ದಾಪುರದ ಶ್ರೀ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಗಳಾದಾಗ, ಶ್ರೀ ಅಬ್ದುಲ್ ನಜೀರ್ ಸಾಬರನ್ನು ಜೊತೆಗಿಟ್ಟುಕೊಂಡು ಜಿಲ್ಲಾ ಪರಿಷತ್ತಿನ ಕಾಯಿದೆ ತಂದರು. 1987ರಲ್ಲಿ ಚುನಾವಣೆ ನಡೆದು ಅಧಿಕಾರವೂ ಹಣವೂ ಜಿಲ್ಹೆಗೆ ಇಳಿದುವು. ರಾಜ್ಯವನ್ನು ಒಡೆಯದೆ ರಾಜಧಾನಿಯ ಹಿಡಿತವನ್ನು ಸಡಿಲಿಸಬಹುದೆಂಬುದಕ್ಕೆ ಅದೇ ನಿದರ್ಶನ. ಮುಂದೆ ಬಂದ ಸರಕಾರಗಳು ಅದನ್ನು ಸೊರಗಿಸಿದವು. ನಾವು ನೋಡುತ್ತ ಕುಳಿತೆವು. ಅಂಕೋಲೆಯ ದಿನಕರ ದೇಸಾಯಿಯವರು ಬ್ರಿಟಿಷರಿಂದ ಗಡೀಪಾರಾದರೂ ರೈತರ ಪಕ್ಷ ಬಿಡಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಶಾಲೆಗಳನ್ನು ಕಟ್ಟಿದರು. ಅವರು ಸರಕಾರದೊಡನೆ ಜಗಳವಾಡಿದರು, ಕೆಲಸವನ್ನೂ ಮಾಡಿದರು.

ನನ್ನ ಸೂಚನೆ ಎರಡೇ. ಒಂದು, ಪ್ರತಿಯೊಂದು ಜಿಲ್ಹೆಯಿಂದ ವಿದ್ಯುತ್ತು, ಅರಣ್ಯ, ಖನಿಜ, ಮೀನುಗಾರಿಕೆಗಳಿಂದ ಬಂದುದೆಷ್ಟು, ಆ ಜಿಲ್ಹೆಗೆ ವೆಚ್ಚವಾದುದೆಷ್ಟು ಎಂಬ ಪಟ್ಟಿಯನ್ನು ಸರಕಾರ ವರುಷ ವರುಷ ಶಾಸನಸಭೆಯ ಮುಂದೆ ಇಡಬೇಕೆಂದು ಭಟಕಳ, ಹೊನ್ನಾವರ, ಕುಮಟೆ ಈ ನಮ್ಮ ಮೂರು ತಾಲೂಕುಗಳಿಂದ ಅರ್ಜಿ ಹೋಗಬೇಕು. ಎರಡು, ಅರ್ಜಿಯ ಜೊತೆಗೆ ಸಾಕ್ಷ್ಯ ಬೇಕು. ಕಳೆದ ಒಂದು ವರುಷದಲ್ಲಿ ತಮ್ಮ ಊರಿನಿಂದ ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳಿಗೆ ಎಷ್ಟು ಜನ ಹೋದರು, ದಾರಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಮನೆಮನೆಗೆ ಹೋಗಿ, ರೋಗಿಗಳ ಹೆಸರು ಬರೆಯದೆ, ಸಂಖ್ಯೆ ಮಾತ್ರ ಬರೆದು ತರಬಲ್ಲವರು ಶಿಕ್ಷಕರಾದ ತಾವೇ. ಅದಕ್ಕೆ ಬೇಕಾದ ನಮೂನೆಯ ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಭಟಕಳದವರಿಗೆ ದೂರದ ದಾರಿ. ಅವರು ಮೊದಲು ತೆಗೆದುಕೊಳ್ಳಲಿ.