ಹೊಸ ಮಂಡಿ, ಮನೆಯವರ ಪಾಲಿನ ಕೆಲಸ



ಸವೆದ ಮಂಡಿಗೆ ಲೋಹದ ಕೀಲನ್ನು ಕೂಡಿಸುವ ಶಸ್ತ್ರಕ್ರಿಯೆಯು ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಆ ಮಂಡಿಯನ್ನು ಬಗ್ಗಿಸಿ ನೆಟ್ಟಗೆ ಮಾಡುವ ಕೆಲಸವಾದರೋ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯತಕ್ಕದ್ದು.

ಇಲ್ಲಿ ಅಡ್ಡಬರುವುದು ಮನೆಯವರ ಮಮತೆಯೇ. ಮಲಗಿದವರ ಮಂಡಿಯ ಕೆಳಗೆ ಮೆತ್ತನೆಯ ದಿಂಬಿಡಬೇಕೆನಿಸುತ್ತದೆ. ಅದು ಕೂಡದು, ಕಾಲು ಬಾಗಿದಂತೆಯೇ ಬಿಗಿದುಕೊಂಡೀತು. ದಿಂಬು ಹಿಮ್ಮಡಿಯ ಕೆಳಗಿರಲಿ. ನಮ್ಮ ತಾಯಿಯವರು "ಇವತ್ತೊಂದು ದಿನ ಬಿಡಪ್ಪಾ" ಎಂದು ಕಣ್ಣೀರು ತಂದುಕೊಂಡಾಗ ಪಟ್ಟು ಸಡಿಲಿಸದಿರುವುದು ನಮಗೆ ಬಹು ಕಷ್ಟವಾಗಿತ್ತು. ಆದರೆ ಮೊದಲ ಆರು ವಾರಗಳನ್ನು ಕಳೆದುಕೊಂಡರೆ ಬಿಗಿದ ಮಂಡಿ ಮುಂದೆ ಸುಲಭವಾಗಿ ಸಡಿಲವಾಗದು. 90 ಡಿಗ್ರಿಯಾದರೂ ಬಾಗದಿದ್ದರೆ ಕುರ್ಚಿಯಿಂದ ಏಳುವುದೂ ಪ್ರಯಾಸವೇ. ವೈದ್ಯರು ಬರೆದ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟು, ಅನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕಾಲು ಗಂಟೆ ಇಟ್ಟಾಗ ಅವರಿಗೂ ಧೈರ್ಯ ಬಂದಿತು.

ಮುಂಬಯಿಯಲ್ಲಿ ಲಿಫ್ಟಿಲ್ಲದ ಹಳೆಯ ಕಟ್ಟಡಗಳಿನ್ನೂ ಇವೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಕ್ರಿಯೆಯಾದ ಕಾಲು ಮೊದಲು. ನೆಲದ ಮೇಲಿನ ಪಂಕ್ತಿಯೂಟ, ಹಬ್ಬವಾದರೂ ಸರಿಯೆ, ವೈದ್ಯರು ಒಪ್ಪುವ ತನಕ ಬೇಡ.

ಮೀನಖಂಡ ಊದಿ ನೋಯತೊಡಗಿದರೆ, ಗಾಯ ಒಸರಿದರೆ, ಜ್ವರ ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಏಕಾಏಕಿ ಎದೆನೋವೋ ಉಸಿರಾಟದ ತೊಂದರೆಯೋ ಕಂಡರೆ, ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿರಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇನ್ನು, ನೋಡಲು ಬರುವ ಸಂಘದ ಬಂಧುಗಳಲ್ಲಿ ಒಂದು ವಿಜ್ಞಾಪನೆ: ರೋಗಿಯನ್ನು ಕೂಡಿಸಿಕೊಂಡೇ ಊರ ಸುದ್ದಿ ಹೇಳಬೇಡಿರಿ, ವರಾಂಡದಲ್ಲಿ ನಾಲ್ಕು ಹೆಜ್ಜೆ ಜೊತೆಗೆ ನಡೆಯುತ್ತ ಹೇಳಿರಿ.